ವಿದೇಶಕ್ಕೆ ಹೊರಟ ಅಲರ್ಜಿ ರೋಗಿಯ ಕೈಯಲ್ಲಿ ಅಡ್ರಿನಲಿನ್ ಪೆನ್ ಇರಲಿ: ಒಂದು ಬಹಿರಂಗ ಪತ್ರ

ಇವರಿಗೆ,
ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕೇಂದ್ರ ನಾಗರಿಕ ವಿಮಾನಯಾನ ಸಚಿವರು,
ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಅಧ್ಯಕ್ಷರು, ನವದೆಹಲಿ.
ಹಾಗೆಯೇ, ತೀವ್ರ ಆಹಾರ ಅಲರ್ಜಿ ಇರುವವರನ್ನು ಕರೆದುಕೊಂಡು ವಿದೇಶಕ್ಕೆ ಹೊರಟಿರುವ ಎಲ್ಲ ಮನೆಯವರಿಗೆ.

ಮಾನ್ಯರೇ,

ಶೇಂಗಾ ಅಲರ್ಜಿ ಇರುವ, 18 ಕಿಲೋ ತೂಕದ ಮಗುವೊಂದನ್ನು ಕರೆದುಕೊಂಡು ಅಪ್ಪ ಅಮ್ಮ ಬೆಂಗಳೂರಿನಿಂದ ಲಂಡನ್ನಿಗೆ ಹೊರಟಿದ್ದಾರೆ ಅಂದುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ವಿಮೆ, ಸ್ವೆಟರ್ ಎಲ್ಲವೂ ಇದೇ ಊರಿನಲ್ಲಿ ಸಿಗುತ್ತವೆ. ಆ ಮಗುವಿನ ಜೀವ ಉಳಿಸಬಲ್ಲ ಒಂದು ವಸ್ತು ಮಾತ್ರ ಮನೆ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಿಗುವುದಿಲ್ಲ. ಅದು ಅಡ್ರಿನಲಿನ್ ಆಟೋ ಇಂಜೆಕ್ಟರ್, ತೊಡೆಗೆ ಒತ್ತಿ ಹಿಡಿದರೆ ನಿಗದಿತ ಡೋಸನ್ನು ತಾನೇ ಚುಚ್ಚುವ ಸಾಧನ. ಬಳಸುವವರ ಬಾಯಲ್ಲಿ ಬರೀ 'ಪೆನ್'. ಅದರೊಳಗಿನ ಔಷಧಿ ಹೊಸದೇನಲ್ಲ. 1 ಮಿಲಿಯ ಗಾಜಿನ ಆಂಪೂಲ್ ರೂಪದಲ್ಲಿ ನಮ್ಮ ಪ್ರತಿ ಆಸ್ಪತ್ರೆಯ ತುರ್ತು ಟ್ರೇಯಲ್ಲೂ ಇದೆ, ಬೆಲೆಯೂ ಅಗ್ಗ. ಆಂಪೂಲ್‌ಗೂ ಪೆನ್ನಿಗೂ ನಡುವೆ ಇರುವ ಅಂತರದ ಬಗ್ಗೆಯೇ ಈ ಪತ್ರ. ಆ ಅಂತರ ಮುಚ್ಚುವುದು ನಿಮ್ಮ ಕೈಯಲ್ಲಿದೆ. ಅಲ್ಲಿಯವರೆಗೆ ಜನ ಏನು ಮಾಡಬೇಕು ಎಂಬುದನ್ನೂ ಇದೇ ಪತ್ರದಲ್ಲಿ ಬರೆಯುತ್ತಿದ್ದೇವೆ, ಏಕೆಂದರೆ ಟಿಕೆಟ್ ತೆಗೆದವರು ನಿಯಮ ಬರುವವರೆಗೆ ಕಾಯಲಾರರು.

ಮೊದಲು ಸಮಯದ ಲೆಕ್ಕ. ಆಹಾರದಿಂದ ಅನಾಫಿಲ್ಯಾಕ್ಸಿಸ್ (ಇಡೀ ಮೈಯನ್ನು ಆವರಿಸುವ, ಜೀವಕ್ಕೇ ಅಪಾಯ ತರುವ ದಿಢೀರ್ ಅಲರ್ಜಿ) ಆಗಿ ಸತ್ತವರ ಬಗ್ಗೆ ಬ್ರಿಟನ್ನಿನಲ್ಲಿ ನಡೆದ, 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಂದ ಹೊತ್ತಿನಿಂದ ಉಸಿರು ಅಥವಾ ಹೃದಯ ನಿಲ್ಲುವವರೆಗಿನ ಮಧ್ಯಮ ಅವಧಿ 30 ನಿಮಿಷ, ಅಂದರೆ ಅರ್ಧದಷ್ಟು ಜನರಿಗೆ ಅಷ್ಟು ಹೊತ್ತೂ ಸಿಗಲಿಲ್ಲ. ಸಮುದ್ರದ ಮೇಲೆ ಹಾರುತ್ತಿರುವ ವಿಮಾನ ಹತ್ತಿರದ ನಿಲ್ದಾಣಕ್ಕೆ ತಿರುಗಿ, ಇಳಿದು, ಬಾಗಿಲು ತೆಗೆಯುವಷ್ಟರಲ್ಲಿ ಈ 30 ನಿಮಿಷ ಮುಗಿದಿರುತ್ತದೆ. ಹಾಗಾಗಿ ಔಷಧಿ ನೆಲದ ಮೇಲಿನ ಆಸ್ಪತ್ರೆಯಲ್ಲಿದ್ದರೆ ಸಾಲದು, ಸೀಟಿನ ಕೆಳಗಿನ ಚೀಲದಲ್ಲಿ ಇರಬೇಕು.

ಇಲ್ಲಿ ನಮ್ಮವರ ಒಂದು ಅಭ್ಯಾಸವನ್ನು ನೇರವಾಗಿಯೇ ಹೇಳಬೇಕು. ಅಲರ್ಜಿ ಎಂದರೆ ಅವಿಲ್ ಅಥವಾ ಸೆಟ್ರಿಜಿನ್ ಮಾತ್ರೆ. ಜೋರಾದರೆ ಕ್ಲಿನಿಕ್ಕಿನಲ್ಲಿ ಅವಿಲ್ ಜೊತೆಗೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್. ಮಾತ್ರೆ ತುರಿಕೆ, ಗಂಧೆಗಳನ್ನು ಇಳಿಸುತ್ತದೆ. ಗಂಟಲಿನ ಊತವನ್ನಾಗಲಿ, ಕುಸಿಯುತ್ತಿರುವ ಬಿಪಿಯನ್ನಾಗಲಿ ಅದು ತಡೆಯುವುದಿಲ್ಲ. ಸ್ಟೆರಾಯ್ಡ್ ಕೆಲಸ ಶುರು ಮಾಡಲು ಗಂಟೆಗಳು ಬೇಕು. ರಕ್ತನಾಳ ಬಿಗಿಮಾಡಿ ಬಿಪಿ ಏರಿಸುವುದು, ಶ್ವಾಸನಾಳ ಸಡಿಲಿಸುವುದು, ಊತ ಇಳಿಸುವುದು, ಜೊತೆಗೆ ಅಲರ್ಜಿಯ ರಾಸಾಯನಿಕಗಳನ್ನು ಉಗುಳುತ್ತಿರುವ ಜೀವಕೋಶಗಳನ್ನು ಹದ್ದುಬಸ್ತಿಗೆ ತರುವುದು, ಈ ನಾಲ್ಕನ್ನೂ ಒಟ್ಟಿಗೆ, ನಿಮಿಷಗಳಲ್ಲಿ ಮಾಡುವುದು ಅಡ್ರಿನಲಿನ್ ಒಂದೇ. ಮಾತ್ರೆ ಕೊಟ್ಟು 'ನೋಡೋಣ' ಎಂದು ಕಾಯುವ ಆ ಹತ್ತು ಹದಿನೈದು ನಿಮಿಷವೇ ಅಪಾಯದ ಹೊತ್ತು. ಮೈಮೇಲಿನ ಗಂಧೆ ಇಳಿದದ್ದನ್ನು ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿರುವಾಗಲೇ ಒಳಗೆ ಉಸಿರು ಕಟ್ಟುತ್ತಿರಬಹುದು.

ಯಾವಾಗ ಕೊಡಬೇಕು? ಅಲರ್ಜಿಯ ವಸ್ತು ತಿಂದ ಮೇಲೆ, ಅಥವಾ ತಿಂದಿರಬಹುದು ಎಂಬ ಅನುಮಾನ ಇದ್ದಾಗ, ಈ ಚಿಹ್ನೆಗಳಲ್ಲಿ ಒಂದು ಕಂಡರೂ ಸಾಕು: ಧ್ವನಿ ಗೊಗ್ಗರಾಗುವುದು, ನಾಲಿಗೆ ಊದುವುದು, ನುಂಗಲು ಕಷ್ಟ, ಬಿಡದ ಕೆಮ್ಮು, ಉಬ್ಬಸ, ತಲೆಸುತ್ತು, ಮೈ ಬಿಳಿಚಿ ತಣ್ಣಗಾಗುವುದು, ಸಣ್ಣ ಮಕ್ಕಳಾದರೆ ಇದ್ದಕ್ಕಿದ್ದಂತೆ ಮಂಕಾಗಿ ಜೋತುಬೀಳುವುದು. ಗಂಧೆಯ ಜೊತೆಗೆ ಮತ್ತೆಮತ್ತೆ ವಾಂತಿ ಆಗುತ್ತಿದ್ದರೂ ಅಷ್ಟೆ. ಚರ್ಮದ ಮೇಲೆ ಏನೂ ಇಲ್ಲದೆಯೂ ಅನಾಫಿಲ್ಯಾಕ್ಸಿಸ್ ಆಗುತ್ತದೆ, ಗಂಧೆಗಾಗಿ ಕಾಯಬೇಡಿ.

ಎಲ್ಲಿ, ಎಷ್ಟು? ತೊಡೆಯ ಹೊರಮಗ್ಗುಲಿನ ನಡುಭಾಗದ ಸ್ನಾಯುವಿಗೆ, ಪ್ರತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. 18 ಕಿಲೋ ಮಗುವಿಗೆ 0.18 ಮಿಲಿಗ್ರಾಂ, 1 ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪೂಲ್ ಆದರೆ 0.18 ಮಿಲಿ. ಮಕ್ಕಳಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ 0.3, ದೊಡ್ಡವರಿಗೆ 0.5 ಮಿಲಿಗ್ರಾಂ ಮೇಲ್ಮಿತಿ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯ ಡೋಸ್. ರೋಗಿಯನ್ನು ಮಲಗಿಸಿ ಕಾಲು ಎತ್ತರಕ್ಕೆ ಇಡಿ. ಉಸಿರಾಟ ಕಷ್ಟವಾದರೆ ಕಾಲು ಚಾಚಿ ಕೂರಿಸಿ, ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಿ. ವಾಂತಿ ಬರುತ್ತದೆಂದು ಶೌಚಾಲಯಕ್ಕೆ ನಡೆಸಿಕೊಂಡು ಹೋಗುವುದು ವಿಮಾನದಲ್ಲಿ ಎಲ್ಲರೂ ಮಾಡುವ ತಪ್ಪು. ಬಿಪಿ ಬಿದ್ದಿರುವಾಗ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತವೇ ಇಲ್ಲದಂತಾಗಿ, ನಿಂತ ಕೆಲವೇ ಕ್ಷಣಗಳಲ್ಲಿ ಸತ್ತವರಿದ್ದಾರೆ. ಚೀಲವನ್ನೇ ಅವರ ಬಳಿಗೆ ತನ್ನಿ.

ಈಗ ಆಂಪೂಲ್ ವಿಷಯ. ಪೆನ್ ಸಿಗದ ಕಾರಣ ನಮ್ಮ ವೈದ್ಯರು ಆಂಪೂಲ್, ಸಿರಿಂಜ್ ಬರೆದುಕೊಡುತ್ತಾರೆ. ಏನೂ ಇಲ್ಲದೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಕೆನಡಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಆಂಪೂಲ್‌ನಿಂದ ಮಗುವಿನ ಡೋಸ್ ಎಳೆದುಕೊಳ್ಳಲು ವೈದ್ಯರಿಗೆ ಸರಾಸರಿ 52 ಸೆಕೆಂಡ್ ಸಾಕಾದರೆ ಪೋಷಕರಿಗೆ 142 ಸೆಕೆಂಡ್ ಬೇಕಾಯಿತು. ಅವರು ಎಳೆದ ಪ್ರಮಾಣಗಳಲ್ಲೂ ಭಾರಿ ವ್ಯತ್ಯಾಸವಿತ್ತು. ಅದು ಅಲುಗಾಡದ ಮೇಜಿನ ಮೇಲೆ, ಯಾರಿಗೂ ಏನೂ ಆಗಿಲ್ಲದ ಹೊತ್ತಿನಲ್ಲಿ ನಡೆದ ಪರೀಕ್ಷೆ. ಕತ್ತಲು ಮಾಡಿದ ಕ್ಯಾಬಿನ್ನಿನಲ್ಲಿ, ವಿಮಾನ ಕುಲುಕುತ್ತಿರುವಾಗ, ಮಡಿಲಲ್ಲಿ ಮಗು ಒದ್ದಾಡುತ್ತಿರುವಾಗ ಆ ಕೈಗಳು ಹೇಗೆ ನಡುಗುತ್ತವೆ ಎಂದು ಯೋಚಿಸಿ.

ಅದಕ್ಕೇ ಮನೆಯಲ್ಲಿ ಅಭ್ಯಾಸ ಮಾಡಬೇಕು. ನಾಲ್ಕೈದು ಹೆಚ್ಚುವರಿ ಆಂಪೂಲ್ ತೆಗೆದುಕೊಂಡು, ವೈದ್ಯರ ಅಥವಾ ನರ್ಸ್ ಅವರ ಎದುರೇ ಮಾಡಿ ಕಲಿಯಿರಿ. ಕುತ್ತಿಗೆಯಲ್ಲಿ ನಿಂತ ದ್ರವ ಕೆಳಗಿಳಿಯುವಂತೆ ಬೆರಳಿನಿಂದ ತಟ್ಟಿ. ಕುತ್ತಿಗೆಯ ಮೇಲೆ ಚುಕ್ಕಿ ಇದ್ದರೆ ಅದು ನಿಮ್ಮ ಕಡೆಗೆ ಇರಲಿ. ಗಾಜ್ ಬಟ್ಟೆ ಸುತ್ತಿ, ನಿಮ್ಮಿಂದ ಆಚೆಗೆ ಮುರಿಯಿರಿ. ಸ್ವಲ್ಪ ಹೆಚ್ಚು ಎಳೆದು, ಸೂಜಿ ಮೇಲ್ಮುಖ ಮಾಡಿ ಗಾಳಿ ಹೊರದಬ್ಬಿ, ಆಮೇಲೆ ಬೇಕಾದ ಗೆರೆಗೆ ಇಳಿಸಿ. ಸಿರಿಂಜ್ 1 ಮಿಲಿಯದ್ದಾಗಿರಲಿ, 0.01 ಮಿಲಿಯ ಗೆರೆಗಳಿರಲಿ, ನಿಮ್ಮ ಮಗುವಿನ ಗೆರೆಯ ಮೇಲೆ ಬಣ್ಣದ ಟೇಪ್ ಅಂಟಿಸಿಡಿ. ಸೂಜಿ ಒಂದು ಇಂಚಿನದು, 23 ಅಥವಾ 24 ಗೇಜ್.

ಇನ್ಸುಲಿನ್ ಸಿರಿಂಜ್ ಬೇಡವೇ ಬೇಡ. ಅಂಗಡಿಯವರು 'ಇದೂ ಒಂದು ಮಿಲಿಯದ್ದೇ' ಎಂದು ಕೊಡುತ್ತಾರೆ. ಅದರ ಮೇಲಿರುವುದು ಮಿಲಿ ಗೆರೆಗಳಲ್ಲ, ಯೂನಿಟ್ ಗೆರೆಗಳು. ನಮ್ಮಲ್ಲಿ ಸಾಮಾನ್ಯವಾದ ಯು-40 ಸಿರಿಂಜಿನಲ್ಲಿ 40 ಯೂನಿಟ್ ಅಂದರೆ 1 ಮಿಲಿ. 0.18 ಎಂದು ನೆನಪಿಟ್ಟುಕೊಂಡವರು ಗಾಬರಿಯಲ್ಲಿ 18ರ ಗೆರೆಗೆ ಎಳೆದರೆ ಮಗುವಿಗೆ ಹೋಗುವುದು 0.45 ಮಿಲಿ, ಎರಡೂವರೆ ಪಟ್ಟು. ಮೇಲಾಗಿ ಅದರ ಸೂಜಿ ಚಿಕ್ಕದು, ಔಷಧಿ ಸ್ನಾಯು ಮುಟ್ಟದೆ ಚರ್ಮದಡಿಯ ಕೊಬ್ಬಿನಲ್ಲೇ ಉಳಿದು ನಿಧಾನವಾಗಿ ರಕ್ತ ಸೇರುತ್ತದೆ. ಕೆಲವು ವೈದ್ಯರು ಮೊದಲೇ ತುಂಬಿಸಿದ ಸಿರಿಂಜ್ ಕೊಡುತ್ತಾರೆ. ತುಂಬಿಸಿದ ದಿನಾಂಕ, ಬದಲಾಯಿಸಬೇಕಾದ ದಿನಾಂಕ ಎರಡನ್ನೂ ಅದರ ಮೇಲೆ ಬರೆಸಿಕೊಳ್ಳಿ. ಬೆಳಕು ತಾಗದಂತೆ, ಪಿಸ್ಟನ್ ಒತ್ತಿಹೋಗದಂತೆ ಗಟ್ಟಿ ಡಬ್ಬಿಯಲ್ಲಿಡಿ.

ಆರೋಗ್ಯ ಸಚಿವರಲ್ಲಿ ನಮ್ಮ ಮೊದಲ ಕೋರಿಕೆ ಇಲ್ಲಿಂದಲೇ ಹುಟ್ಟುತ್ತದೆ. ಆಟೋ ಇಂಜೆಕ್ಟರ್ ದೇಶದ ಔಷಧಿ ಅಂಗಡಿಗಳಲ್ಲಿ ವೈದ್ಯರ ಚೀಟಿಗೆ ಸಿಗುವಂತಾಗಬೇಕು, 0.15 ಮತ್ತು 0.3 ಮಿಲಿಗ್ರಾಂ ಎರಡೂ ಅಳತೆಯಲ್ಲಿ, ಬೆಲೆ ಮಿತಿಯೊಂದಿಗೆ. ಅಡ್ರಿನಲಿನ್ ಇಂಜೆಕ್ಷನ್ ಈಗಾಗಲೇ ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಮನೆಯವರು ಬಳಸಬಲ್ಲ ರೂಪವೂ ಆ ಪಟ್ಟಿಗೆ ಬರಲಿ. ಅಲ್ಲಿಯವರೆಗೆ ಉಳಿದಿರುವ ದಾರಿ 1945ರ ಔಷಧಿ ನಿಯಮಗಳ 36ನೇ ನಿಯಮ. ಸ್ವಂತ ಬಳಕೆಗೆ, ಪ್ರಯಾಣಿಕರ ಸಾಮಾನಿನ ಭಾಗವಾಗಿ, ಒಂದು ಔಷಧಿಯ 100 ಡೋಸ್ ಮೀರದಂತೆ ತರಬಹುದು. ಹೊರಗಿನಿಂದ ತರಿಸಿಕೊಳ್ಳುವುದಾದರೆ ಫಾರ್ಮ್ 12ಎ ಅರ್ಜಿ, ಫಾರ್ಮ್ 12ಬಿ ಪರವಾನಗಿ. ಈ ವಿಷಯ ಬಹಳ ವೈದ್ಯರಿಗೇ ಗೊತ್ತಿಲ್ಲ. ವಿದೇಶದಲ್ಲಿರುವ ಅಣ್ಣನೋ ಅತ್ತಿಗೆಯೋ ಊರಿಗೆ ಬರುವಾಗ ತರುವ ಪೆನ್ನನ್ನೇ ಜನ ನೆಚ್ಚಿಕೊಂಡಿದ್ದಾರೆ. ಪೆನ್ನಿನ ಆಯುಷ್ಯ ಸಾಮಾನ್ಯವಾಗಿ 12ರಿಂದ 18 ತಿಂಗಳು. ಕೈ ಸೇರುವಷ್ಟರಲ್ಲಿ ಅದರಲ್ಲಿ ಎಷ್ಟೋ ಕಳೆದಿರುತ್ತದೆ.

ಹೊರಟವರಿಗೆ ಉಪಯೋಗವಾಗುವ ಮಾತೊಂದು: ಕೆನಡಾದಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಪೆನ್ನನ್ನು ವೈದ್ಯರ ಚೀಟಿ ಇಲ್ಲದೆ ಫಾರ್ಮಸಿಸ್ಟರನ್ನು ಕೇಳಿ ಪೂರ್ತಿ ಬೆಲೆ ಕೊಟ್ಟು ಕೊಳ್ಳಬಹುದು. ಅಮೆರಿಕ, ಬ್ರಿಟನ್‌ಗಳಲ್ಲಿ ಚೀಟಿ ಬೇಕು. ಕೊಂಡ ಕೂಡಲೇ ಆ ಪೆನ್ನಿನ ವಿಧಾನ ಕಲಿಯಿರಿ, ಎಲ್ಲವೂ ಒಂದೇ ಅಲ್ಲ. ಎಪಿಪೆನ್‌ನ ನೀಲಿ ಮುಚ್ಚಳ ತೆಗೆದು ಕಿತ್ತಳೆ ತುದಿಯನ್ನು ತೊಡೆಗೆ ಒತ್ತಿ 3 ಸೆಕೆಂಡ್ ಹಿಡಿಯಬೇಕು. ಯುರೋಪಿನ ಜೆಕ್ಸ್ಟ್ ಆದರೆ 10 ಸೆಕೆಂಡ್. ಅನಾಪೆನ್‌ನಲ್ಲಿ ತೊಡೆಗೆ ಇಟ್ಟ ಮೇಲೆ ಕೆಂಪು ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಎಪಿಪೆನ್ ರೂಢಿ ಇದ್ದವರು ಅನಾಪೆನ್ ಹಿಡಿದು ಗುಂಡಿ ಒತ್ತದೆ ಕೂತರೆ ಔಷಧಿ ಹೊರಗೇ ಬರುವುದಿಲ್ಲ. ಎಪಿಪೆನ್, ಜೆಕ್ಸ್ಟ್ ಹಿಡಿಯುವಾಗ ಹೆಬ್ಬೆರಳನ್ನು ಯಾವ ತುದಿಯ ಮೇಲೂ ಇಡಬೇಡಿ. ಪೆನ್ ತಲೆಕೆಳಗಾಗಿ ಹಿಡಿದು ಸೂಜಿ ಹೆಬ್ಬೆರಳಿಗೇ ಚುಚ್ಚಿದ ಪ್ರಸಂಗಗಳು ಎಲ್ಲ ದೇಶಗಳಲ್ಲೂ ಆಗಿವೆ. 2024ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸೂಜಿಯೇ ಇಲ್ಲದ ಮೂಗಿನ ಅಡ್ರಿನಲಿನ್ ಸ್ಪ್ರೇಗೆ ಅನುಮತಿ ಕೊಟ್ಟಿದೆ. ಅಂಥದ್ದು ಇಲ್ಲಿ ಅರ್ಜಿ ಹಾಕಿದರೆ ಬೇಗ ಪರಿಶೀಲಿಸಿ ಎಂಬುದೂ ನಮ್ಮ ಕೋರಿಕೆಯ ಭಾಗ.

ಪೆನ್ ಆದರೆ ಕನಿಷ್ಠ ಎರಡು, ಆಂಪೂಲ್ ಆದರೆ ನಾಲ್ಕು, ಸಿರಿಂಜ್ ಮತ್ತು ಸೂಜಿ ಅದರ ಎರಡರಷ್ಟು ಇರಲಿ. ಎಲ್ಲವೂ ಕೈಚೀಲದಲ್ಲಿ, ಕೈಚೀಲ ಮುಂದಿನ ಸೀಟಿನ ಕೆಳಗೆ. ಲಗೇಜಿಗೆ ಹಾಕಿದರೆ ಸರಕಿನ ಒಡಲಿನಲ್ಲಿ ಥಂಡಿ ಹಿಡಿಯಬಹುದು, ಸೂಟ್‌ಕೇಸ್ ಬೇರೆ ಊರಿಗೂ ಹೋಗಬಹುದು. ಅಡ್ರಿನಲಿನ್‌ಗೆ 20ರಿಂದ 25 ಡಿಗ್ರಿ ಹಿತ. ಫ್ರಿಜ್ಜಿನಲ್ಲಿ ಇಡಬಾರದು, ಮೇ ತಿಂಗಳ ಕಾರಿನಲ್ಲಿ ಬಿಡಬಾರದು. ದ್ರವ ಕಂದುಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ವೈದ್ಯರ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಬೇಕು. ತೂಕ, ಡೋಸ್ ಮಿಲಿಗ್ರಾಂ ಮತ್ತು ಮಿಲಿ ಎರಡರಲ್ಲೂ ಬರಲಿ. ಸೂಜಿಗಳು ಕ್ಯಾಬಿನ್ನಿನಲ್ಲೇ ಇರಬೇಕೆಂಬ ವಾಕ್ಯ ಬರಲಿ. ವೈದ್ಯರ ವೈದ್ಯಕೀಯ ಮಂಡಳಿ ನೋಂದಣಿ ಸಂಖ್ಯೆ, ಸಹಿ, ದಿನಾಂಕ ಇರಲಿ. ಔಷಧಿಯ ಹೆಸರನ್ನು 'ಅಡ್ರಿನಲಿನ್' ಮತ್ತು 'ಎಪಿನೆಫ್ರಿನ್' ಎಂದು ಎರಡೂ ಬಗೆಯಲ್ಲಿ ಬರೆಸಿ. ಬ್ರಿಟನ್ನಿನಲ್ಲಿ ಮೊದಲನೆಯದು, ಅಮೆರಿಕದಲ್ಲಿ ಎರಡನೆಯದು ಚಾಲ್ತಿ. ಉಬ್ಬಸ ಇರುವವರು ಹೊರಡುವ ಮುನ್ನ ಅದನ್ನು ಪೂರ್ತಿ ಹಿಡಿತಕ್ಕೆ ತಂದುಕೊಳ್ಳಬೇಕು, ಆಹಾರ ಅಲರ್ಜಿಯ ಸಾವುಗಳಲ್ಲಿ ಉಬ್ಬಸದ ಪಾಲು ದೊಡ್ಡದು. ಇನ್ಹೇಲರ್ ಅದೇ ಚೀಲದಲ್ಲಿರಲಿ, ಆದರೆ ಅಡ್ರಿನಲಿನ್ ಮೊದಲು, ಇನ್ಹೇಲರ್ ಆಮೇಲೆ.

ಇನ್ನು ವಿಮಾನ. ಹಿಂದಿನ ಸಾಲಿನವರು ಶೇಂಗಾ ಪೊಟ್ಟಣ ಒಡೆದರೆ ಗಾಳಿಯಲ್ಲೇ ಅಪಾಯ ಬರುತ್ತದೆ ಎಂಬ ಭಯ ವ್ಯಾಪಕವಾಗಿದೆ. ಜೆಟ್ ವಿಮಾನದ ಕ್ಯಾಬಿನ್ ಗಾಳಿ ಮೇಲಿನಿಂದ ಬಂದು ಅದೇ ಸಾಲುಗಳ ಅಕ್ಕಪಕ್ಕದಲ್ಲಿ ಕೆಳಗೆ ಹೊರಹೋಗುತ್ತದೆ, ಮರುಬಳಕೆಯ ಗಾಳಿ ಅತಿ ಸಣ್ಣ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಿ ಬರುತ್ತದೆ. ಕಾಳಿನ ಪುಡಿ ಹೆಚ್ಚು ದೂರ ಹೋಗುವುದಿಲ್ಲ. ಹಾಗಾದರೆ ಅಪಾಯ ಎಲ್ಲಿದೆ? ಟ್ರೇ ಮೇಜಿನ ಮೇಲೆ, ಕೈಯಾಸರೆಯ ಮೇಲೆ, ಸೀಟ್‌ಬೆಲ್ಟಿನ ಕೊಂಡಿಯಲ್ಲಿ, ಪರದೆಯ ಮೇಲೆ, ಸೀಟಿನ ಜೇಬಿನಲ್ಲಿ. ಮೊದಲು ಅದೇ ಸೀಟಿನಲ್ಲಿ ಕೂತಿದ್ದವರ ಕೈಯಿಂದ ಅಂಟಿದ್ದು ಮಗುವಿನ ಬೆರಳಿಗೆ, ಬೆರಳಿನಿಂದ ಬಾಯಿಗೆ. ಒದ್ದೆ ವೈಪ್ಸ್‌ನಿಂದ ಇವೆಲ್ಲವನ್ನೂ ಒರೆಸಿ, ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯಿಸಿ. ಸ್ಯಾನಿಟೈಸರ್ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಹೊರತು ಶೇಂಗಾದ ಪ್ರೋಟೀನನ್ನು ತೆಗೆಯುವುದಿಲ್ಲ, ಕೈಮೇಲೆ ಹರಡುತ್ತದೆ ಅಷ್ಟೆ. ಮೀನು, ಸಿಗಡಿ ಅಲರ್ಜಿ ಇರುವವರ ಮಾತು ಬೇರೆ: ಬೇಯುತ್ತಿರುವ ಮೀನಿನ ಆವಿಯಲ್ಲೇ ಪ್ರೋಟೀನ್ ಇರುತ್ತದೆ, ಹೋಟೆಲ್ಲಿನಲ್ಲಿ ಅವರು ಒಲೆಯಿಂದ ದೂರ ಕೂರಬೇಕು.

ವಿಮಾನ ಸಂಸ್ಥೆಗೆ ಊಟ ಹೇಳುವಾಗ ಆರಿಸುವ ವಿಶೇಷ ಊಟದ ಸಂಕೇತಗಳು ಅಲರ್ಜಿಗಾಗಿ ಹುಟ್ಟಿದವಲ್ಲ. ಎವಿಎಂಎಲ್ ಎಂದರೆ ಏಷ್ಯನ್ ಶಾಕಾಹಾರ. ಅದರಲ್ಲಿ ಹಾಲು, ಮೊಸರು, ಗೋಡಂಬಿ ಧಾರಾಳ. ವಿಜೆಎಂಎಲ್ ಜೈನ ಊಟ. ಗಡ್ಡೆ ಇರುವುದಿಲ್ಲ, ಗೋಡಂಬಿ ಇರಬಹುದು. ಎನ್‌ಎಲ್‌ಎಂಎಲ್ ಎಂದರೆ ಲ್ಯಾಕ್ಟೋಸ್ ಕಡಿಮೆ ಎಂದು ಮಾತ್ರ. ಲ್ಯಾಕ್ಟೋಸ್ ಹಾಲಿನ ಸಕ್ಕರೆ, ಅಲರ್ಜಿ ಬರುವುದು ಹಾಲಿನ ಪ್ರೋಟೀನಿಗೆ. ವಿಜಿಎಂಎಲ್ ವೀಗನ್ ಊಟದಲ್ಲಿ ಹಾಲು ಹಾಕಿಲ್ಲದಿದ್ದರೂ ಅದೇ ಅಡುಗೆಮನೆಯ ಸೌಟು ಹಾಲಿನ ಪಾತ್ರೆಗೂ ಹೋಗಿರುತ್ತದೆ. ತೀವ್ರ ಅಲರ್ಜಿ ಇರುವವರು ವಿಮಾನದ ಊಟ ಮುಟ್ಟದೆ ಮನೆಯ ಊಟ ಒಯ್ಯಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನೊಂದು ಬಿರುಕು ಕೋಡ್‌ಶೇರ್. ಟಿಕೆಟ್ ಮಾರಿದ ಸಂಸ್ಥೆ ಒಂದು, ವಿಮಾನ ಹಾರಿಸುವ ಸಂಸ್ಥೆ ಇನ್ನೊಂದು. ಮೊದಲನೆಯವರಿಗೆ ಹೇಳಿದ್ದು ಎರಡನೆಯವರಿಗೆ ತಲುಪಿರುವುದಿಲ್ಲ. ಟಿಕೆಟಿನಲ್ಲಿ 'ಹಾರಾಟ ನಡೆಸುವವರು' ಯಾರೆಂದು ನೋಡಿ, ಅವರಿಗೇ ಇಮೇಲ್ ಬರೆದು, ನಿಮ್ಮ ಬುಕಿಂಗ್ ದಾಖಲೆಯಾದ ಪಿಎನ್‌ಆರ್‌ನಲ್ಲಿ ನಮೂದಿಸಿದ್ದಾರೆಂಬ ಉತ್ತರವನ್ನು ಬರಹದಲ್ಲೇ ಪಡೆದು ಮುದ್ರಿಸಿಕೊಳ್ಳಿ. ಹತ್ತಿದ ಕೂಡಲೇ ಸಿಬ್ಬಂದಿಗೆ ಮತ್ತೊಮ್ಮೆ ಹೇಳಿ. ಆಯ್ಕೆ ಇದ್ದರೆ ದಿನದ ಮೊದಲ ವಿಮಾನ ಹಿಡಿಯಿರಿ; ರಾತ್ರಿ ನಿಂತ ವಿಮಾನವನ್ನು ಹೆಚ್ಚು ಚೆನ್ನಾಗಿ ಗುಡಿಸಿರುತ್ತಾರೆ.

ವಿಮಾನಯಾನ ಸಚಿವರೇ, ಕೆನಡಾ ಇದನ್ನು ಸಂಸ್ಥೆಗಳ ಕೃಪೆಗೆ ಬಿಟ್ಟಿಲ್ಲ. ಅಲ್ಲಿ 2020ರಿಂದ ಜಾರಿಗೆ ಬಂದ ಅಂಗವಿಕಲರ ಸುಗಮ ಸಾರಿಗೆ ನಿಯಮಗಳ ಪ್ರಕಾರ, ತೀವ್ರ ಅಲರ್ಜಿ ಇರುವ ಪ್ರಯಾಣಿಕರು ಕೇಳಿದರೆ ಅವರ ಸೀಟಿನ ಸುತ್ತ ಆ ವಸ್ತು ಬಾರದಂತೆ ರಕ್ಷಣಾ ವಲಯ ಕೊಡಬೇಕು, ಸಾಲಿನವರಿಗೆ ತಿಳಿಸಬೇಕು. ನಾವು ಕೇಳುವುದು ಇಷ್ಟನ್ನೇ: ಆ ವಲಯ, ಸೀಟು ಒರೆಸಿಕೊಳ್ಳಲು ಉಳಿದವರಿಗಿಂತ ಮೊದಲು ಹತ್ತುವ ಅವಕಾಶ, ವಿಮಾನದ ತುರ್ತು ಪೆಟ್ಟಿಗೆಯಲ್ಲಿ ಎರಡು ಅಳತೆಯ ಪೆನ್. ತುರ್ತು ಪೆಟ್ಟಿಗೆಯ ಅಡ್ರಿನಲಿನ್ ಸಾಮಾನ್ಯವಾಗಿ ವೈದ್ಯರಿಗೆಂದು ಇಟ್ಟ ಆಂಪೂಲ್. 'ವಿಮಾನದಲ್ಲಿ ವೈದ್ಯರಿದ್ದಾರೆಯೇ' ಎಂಬ ಪ್ರಕಟಣೆಗೆ ಯಾರೂ ಎದ್ದು ಬರದಿದ್ದರೆ ಅದು ಮುಚ್ಚಿದ ಪೆಟ್ಟಿಗೆಯಲ್ಲೇ ಉಳಿಯಬಹುದು. ಪೆನ್ ಇದ್ದರೆ, ತರಬೇತಿ ಪಡೆದ ಸಿಬ್ಬಂದಿ ಯಾರನ್ನೂ ಕಾಯದೆ ಕೊಡಬಲ್ಲರು.

ಲೇಬಲ್ಲಿನ ವಿಚಾರಕ್ಕೆ ಬಂದರೆ, 2016ರ ಜುಲೈನಲ್ಲಿ ನಡೆದದ್ದನ್ನು ನೆನಪಿಸಬೇಕು. ನತಾಶಾ ಎಡ್ನಾನ್-ಲಪರೂಸ್ ಎಂಬ 15 ವರ್ಷದ ಹುಡುಗಿ ಲಂಡನ್ನಿನ ಹೀಥ್ರೋ ನಿಲ್ದಾಣದಲ್ಲಿ ಕೊಂಡ ಬ್ರೆಡ್ ತಿಂಡಿಯ ಹಿಟ್ಟಿನೊಳಗೆ ಎಳ್ಳು ಇತ್ತು. ಪೊಟ್ಟಣದ ಮೇಲೆ ಅದರ ಸುಳಿವಿರಲಿಲ್ಲ, ಏಕೆಂದರೆ ಅಂಗಡಿಯಲ್ಲೇ ಕಟ್ಟಿ ಮಾರುವ ತಿನಿಸಿಗೆ ಪೂರ್ತಿ ಲೇಬಲ್ ಬೇಕಿಲ್ಲ ಎಂದು ಅಂದಿನ ಕಾನೂನು ಹೇಳುತ್ತಿತ್ತು. ಫ್ರಾನ್ಸಿನ ನೀಸ್‌ಗೆ ಹೋಗುವ ವಿಮಾನದಲ್ಲೇ ಅವಳು ಕುಸಿದಳು. ತಂದೆ ಎರಡು ಪೆನ್ ಕೊಟ್ಟರೂ ಉಳಿಯಲಿಲ್ಲ. ಅವಳ ಹೆಸರಿನಲ್ಲಿ ಬಂದ ಕಾನೂನು 2021ರ ಅಕ್ಟೋಬರ್ 1ರಿಂದ ಬ್ರಿಟನ್ನಿನಲ್ಲಿ ಅಂಥ ತಿನಿಸಿಗೂ ಪೂರ್ತಿ ಪದಾರ್ಥಗಳ ಪಟ್ಟಿ ಕಡ್ಡಾಯ ಮಾಡಿದೆ.

ಆ ಎಳ್ಳು ಇಂದಿಗೂ ನಮ್ಮ ಕಡ್ಡಾಯ ಪಟ್ಟಿಯಲ್ಲಿಲ್ಲ. ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಹೆಸರಿಸುವುದು ಗ್ಲುಟೆನ್ ಇರುವ ಧಾನ್ಯ, ಸಿಗಡಿ ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಮರದ ಬೀಜಗಳು (ಬಾದಾಮಿ, ಗೋಡಂಬಿಯಂಥವು), ಸೋಯಾ, ಕೆಡದಂತೆ ಹಾಕುವ ಸಲ್ಫೈಟ್. ಯುರೋಪ್ ಒಕ್ಕೂಟ 14ನ್ನು ಹೆಸರಿಸುತ್ತದೆ. ಅಲ್ಲಿ ಎಳ್ಳು, ಸಾಸಿವೆ, ಸೆಲರಿ ಸೊಪ್ಪು, ಲುಪಿನ್ ಎಂಬ ಕಾಳು, ಚಿಪ್ಪುಮೀನಿನಂಥ ಮೃದ್ವಂಗಿಗಳೂ ಸೇರಿವೆ. ಅಮೆರಿಕ 2023ರ ಜನವರಿ 1ರಿಂದ ಎಳ್ಳನ್ನು ಒಂಬತ್ತನೆಯದಾಗಿ ಸೇರಿಸಿತು. ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ಜಂಟಿ ತಜ್ಞರ ಸಮಿತಿಯೂ ಎಳ್ಳನ್ನು ಆದ್ಯತೆಯ ಪಟ್ಟಿಗೆ ಸೂಚಿಸಿದೆ. ಸಂಕ್ರಾಂತಿಗೆ ಎಳ್ಳು ಬೀರುವ, ಒಗ್ಗರಣೆಗೆ ಸಾಸಿವೆ ಸಿಡಿಸುವ ನಾಡಿನಲ್ಲಿ ಈ ಎರಡೂ ಹೆಸರು ಪಟ್ಟಿಗೆ ಬಾರದಿರುವುದು ಸರಿಯಲ್ಲ. ಇದಕ್ಕೂ ವಿದೇಶ ಪ್ರಯಾಣಕ್ಕೂ ನೇರ ನಂಟಿದೆ. ಬೆಂಗಳೂರಿನಿಂದ ಹೊರಡುವ ವಿಮಾನದ ಊಟ ಸಾಮಾನ್ಯವಾಗಿ ತಯಾರಾಗುವುದು ಇಲ್ಲಿಯ ಅಡುಗೆಮನೆಯಲ್ಲಿ, ಇಲ್ಲಿಯ ಪರವಾನಗಿಯಡಿ. ಪ್ರತಿ ಟ್ರೇ ಮೇಲೆ ಪದಾರ್ಥಗಳ ಚೀಟಿ ಅಂಟಿಸಿ ಎಂದು ನೀವು ಹೇಳಬಲ್ಲಿರಿ. ಹಾಗೆ ಹೇಳಿ ಎಂಬುದು ಪ್ರಾಧಿಕಾರಕ್ಕೆ ನಮ್ಮ ಕೋರಿಕೆ.

ಹೋದ ದೇಶದ ಲೇಬಲ್ ಓದುವಾಗ ಆ ದೇಶದ ಪಟ್ಟಿ ಗೊತ್ತಿರಬೇಕು. ಸಾಸಿವೆ ಅಲರ್ಜಿ ಇರುವವರಿಗೆ ಯುರೋಪ್, ಕೆನಡಾ ಲೇಬಲ್ ನಂಬಿಕಸ್ಥ. ಅಮೆರಿಕದಲ್ಲಿ ಸಾಸಿವೆ 'ಸ್ಪೈಸಸ್' ಎಂಬ ಒಂದೇ ಪದದೊಳಗೆ ಅಡಗಬಹುದು. ಅಮೆರಿಕದ ಎಳ್ಳಿನ ನಿಯಮಕ್ಕೆ ಒಂದು ವಿಚಿತ್ರ ಪರಿಣಾಮವೂ ಆಯಿತು. ಬೆರಕೆ ತಪ್ಪಿಸುವುದು ದುಬಾರಿ ಎಂದು ಕೆಲವು ಬೇಕರಿಗಳು ಮುಂಚೆ ಎಳ್ಳಿಲ್ಲದಿದ್ದ ಬನ್ನಿಗೆ ಬೇಕೆಂದೇ ಸ್ವಲ್ಪ ಎಳ್ಳು ಸೇರಿಸಿ ಲೇಬಲ್ಲಿನಲ್ಲಿ ಬರೆದವು. ಹಿಂದಿನ ಸಲ ತಿಂದ ಬನ್ ಎಂದು ಓದದೆ ಕೊಳ್ಳಬೇಡಿ. ಅಲ್ಲಿ 'ನಾನ್ ಡೈರಿ' ಎಂದಿರುವ ಕಾಫಿ ಕ್ರೀಮರಿನಲ್ಲಿ ಹಾಲಿನ ಪ್ರೋಟೀನಾದ ಕ್ಯಾಸಿನೇಟ್ ಇರಬಹುದು. ಫ್ರಾನ್ಸ್, ಇಟಲಿಯ ಬ್ರೆಡ್‌ಗಳಲ್ಲಿ ಬಳಸುವ ಲುಪಿನ್ ಹಿಟ್ಟು ಶೇಂಗಾದ ಸಂಬಂಧಿ, ಶೇಂಗಾ ಅಲರ್ಜಿ ಇರುವ ಕೆಲವರಿಗೆ ಅದೂ ಆಗುವುದಿಲ್ಲ. ಜಪಾನಿನಲ್ಲಿ ಬಕ್‌ವೀಟ್ (ಸೋಬಾ ನೂಡಲ್ಸ್ ಮಾಡುವ ಕಾಳು) ಲೇಬಲ್ ಕಡ್ಡಾಯ, ಎಳ್ಳಿನದು ಸಲಹೆ ಮಾತ್ರ. ಅದೂ ಪೊಟ್ಟಣದ ಆಹಾರಕ್ಕೆ, ಹೋಟೆಲ್ಲಿಗಲ್ಲ. ಅಲ್ಲಿಯ ಸಾಂಪ್ರದಾಯಿಕ ವಸತಿಗಳಲ್ಲಿ ಬಕ್‌ವೀಟ್ ಹೊಟ್ಟು ತುಂಬಿದ ದಿಂಬು ಕೊಡುವುದುಂಟು, ಅಲರ್ಜಿ ಇರುವವರು ಮೊದಲೇ ಹೇಳಿ ಬದಲಿಸಿಕೊಳ್ಳಬೇಕು. 'ಇರಬಹುದು' ಎಂಬ ಎಚ್ಚರಿಕೆಯ ಸಾಲು ಅಮೆರಿಕ, ಬ್ರಿಟನ್, ಯುರೋಪ್ ಒಕ್ಕೂಟದಲ್ಲಿ ತಯಾರಕರ ಇಷ್ಟಕ್ಕೆ ಬಿಟ್ಟದ್ದು. ಆ ಸಾಲು ಇಲ್ಲ ಎಂದರೆ ಬೆರಕೆ ಇಲ್ಲ ಎಂದಲ್ಲ.

ಭಾಷೆಯಲ್ಲೂ ಬಲೆಗಳಿವೆ. ನಾವು 'ಗ್ರೌಂಡ್‌ನಟ್' ಎನ್ನುವುದನ್ನು ಹೊರಗೆ 'ಪೀನಟ್' ಎನ್ನುತ್ತಾರೆ. 'ನೋ ನಟ್ಸ್' ಎಂದರೆ ಬಾಣಸಿಗ ಬಾದಾಮಿ, ಗೋಡಂಬಿ ತೆಗೆದು ಶೇಂಗಾ ಉಳಿಸಬಹುದು. ಮನೆಯ ಹಿರಿಯರು ಮೊಮ್ಮಗುವಿನ ಪರವಾಗಿ ಮಾತಾಡುವಾಗ ಕಡಲೆ, ಕಡಲೆಕಾಯಿ, ಕಡಲೆಬೀಜ ಕಲಸಿಹೋಗುತ್ತವೆ. ಕರಾವಳಿಯಲ್ಲಿ 'ಬೀಜ' ಎಂದರೆ ಗೋಡಂಬಿಯೇ. ಬಾಯಿಮಾತಿಗಿಂತ ಆ ದೇಶದ ಲಿಪಿಯಲ್ಲಿ ಮುದ್ರಿಸಿದ ಕಾರ್ಡ್ ಮೇಲು. ಜರ್ಮನ್‌ನಲ್ಲಿ ಶೇಂಗಾ 'ಎರ್ಡ್‌ನುಸ್', ಚೀನಿಯಲ್ಲಿ 'ಹುವಾಷಂಗ್', ತಾಯ್ ಭಾಷೆಯಲ್ಲಿ 'ತುವಾ ಲಿಸೊಂಗ್'; ಬರೀ 'ತುವಾ' ಎಂದರೆ ಯಾವ ಕಾಳೂ ಆಗಬಹುದು. ಸ್ಪೇನಿನಲ್ಲಿ 'ಕಾಕಾವೆತೆ' ಎಂದದ್ದು ಲ್ಯಾಟಿನ್ ಅಮೆರಿಕದ ಬಹುಪಾಲು ಕಡೆ 'ಮನಿ'. ಮೊಬೈಲ್ ಅನುವಾದವನ್ನೇ ನೆಚ್ಚದೆ ಆ ಭಾಷೆ ಬಲ್ಲವರಿಂದ ಓದಿಸಿ. ಕಾರ್ಡಿನಲ್ಲಿ ಮೂರು ಮಾತು ಇರಲಿ: ಇದನ್ನು ತಿಂದರೆ ಸಾಯಬಹುದು, ಚೂರು ಬೆರೆತರೂ, ಅದೇ ಎಣ್ಣೆಯಲ್ಲಿ ಕರಿದರೂ, ಅದೇ ಚಾಕು ಮುಟ್ಟಿದರೂ ಆಗದು, ಇದಿಲ್ಲದೆ ಮಾಡಲಾಗದಿದ್ದರೆ ದಯವಿಟ್ಟು ಆಗದು ಎಂದೇ ಹೇಳಿ. ಮೂರನೆಯ ಮಾತು ಮುಖ್ಯ. ಗಿರಾಕಿಗೆ ಇಲ್ಲ ಎನ್ನಲು ಸಂಕೋಚಪಡುವ ಊರುಗಳಲ್ಲಿ ಅದು ಅವರಿಗೆ ದಾರಿ ಬಿಟ್ಟುಕೊಡುತ್ತದೆ.

ಕಾರ್ಡ್ ಅಡುಗೆಯವರಿಗೇ ತಲುಪಬೇಕು. ಥಾಯ್ಲೆಂಡಿನ ಪಪ್ಪಾಯಿ ಸಲಾಡ್‌ಗೆ ಶೇಂಗಾ ಹಾಕಬೇಡಿ ಎಂದರೆ ಹಾಕುವುದಿಲ್ಲ, ಆದರೆ ಕುಟ್ಟುವುದು ಹಿಂದಿನ ತಟ್ಟೆಯ ಶೇಂಗಾ ಕುಟ್ಟಿದ ಅದೇ ಒರಳಿನಲ್ಲಿ. ಇನ್ನು, ವಿದೇಶದಲ್ಲಿ ಭಾರತೀಯ ಹೋಟೆಲ್ ಕಂಡರೆ ನಮ್ಮವರಿಗೆ ಮನೆ ಸೇರಿದಷ್ಟು ನೆಮ್ಮದಿ. ಆ ನೆಮ್ಮದಿಯನ್ನು ಬದಿಗಿಡಿ. 2014ರಲ್ಲಿ ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರಿನಲ್ಲಿ, ಯಾವ ನಟ್ಸೂ ಬೇಡ ಎಂದು ಸ್ಪಷ್ಟವಾಗಿ ಹೇಳಿಯೇ ಕರಿ ಕೊಂಡೊಯ್ದ ಗಿರಾಕಿಯೊಬ್ಬರು ಸತ್ತರು. ಖರ್ಚು ಉಳಿಸಲು ಬಾದಾಮಿ ಪುಡಿಯ ಬದಲು ಶೇಂಗಾ ಬೆರೆತ ಪುಡಿ ತರಿಸಲಾಗಿತ್ತು. ಮಾಲೀಕನಿಗೆ 2016ರಲ್ಲಿ ನರಹತ್ಯೆಯ ಅಪರಾಧಕ್ಕೆ ಆರು ವರ್ಷ ಜೈಲಾಯಿತು. ಗ್ರೇವಿ ದಪ್ಪಗಿದ್ದರೆ ಯಾವುದರಿಂದ ದಪ್ಪವಾಗಿದೆ ಎಂದು ಕೇಳಿ.

ಕಟ್ಟಿಕೊಂಡು ಹೋಗುವ ಬುತ್ತಿಗೆ ಒಣ ಪದಾರ್ಥ ವಾಸಿ: ಅಕ್ಕಿ ರೊಟ್ಟಿ, ಚಪಾತಿ, ಹುರಿದ ಅವಲಕ್ಕಿ. ಶೇಂಗಾ ಚಟ್ನಿಪುಡಿ ತಿರುವಿದ ಮಿಕ್ಸಿ ಜಾರಿನಲ್ಲಿ ಈ ಬುತ್ತಿಯ ಯಾವ ಪುಡಿಯನ್ನೂ ತಿರುವಬೇಡಿ. ಯುರೋಪ್ ಒಕ್ಕೂಟಕ್ಕೆ ಹೋಗುವವರು ತುಪ್ಪ, ಪನೀರ್, ಮೊಸರು ಒಯ್ಯುವಂತಿಲ್ಲ, ಹಾಲಿನ ಉತ್ಪನ್ನಗಳಿಗೆ ಅಲ್ಲಿ ನಿಷೇಧವಿದೆ. ಹಾಲಿನ ಅಲರ್ಜಿ ಇರುವ ಕೂಸಿನ ವಿಶೇಷ ಪುಡಿಗೆ ಮಾತ್ರ, ಫ್ರಿಜ್ ಬೇಡದ ಮುಚ್ಚಿದ ಡಬ್ಬಿಯಾದರೆ, 2 ಕಿಲೋವರೆಗೆ ವಿನಾಯಿತಿ ಇದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಉಳಿದ ಬುತ್ತಿಯನ್ನು ಘೋಷಿಸಿ, ಘೋಷಿಸದಿದ್ದರೆ ದಂಡ.

ವಿಮೆ ಕೊಳ್ಳುವಾಗ ಅಲರ್ಜಿಯನ್ನು ಮೊದಲೇ ಇರುವ ಕಾಯಿಲೆ ಎಂದು ಬರೆದು, ಅನಾಫಿಲ್ಯಾಕ್ಸಿಸ್ ಚಿಕಿತ್ಸೆಗೆ ಹಣ ಸಿಗುತ್ತದೆಯೇ ಎಂಬ ಉತ್ತರವನ್ನು ಬರಹದಲ್ಲಿ ಪಡೆಯಿರಿ. ತುರ್ತು ಸಂಖ್ಯೆ ಯುರೋಪಿನಲ್ಲಿ 112, ಅಮೆರಿಕ ಮತ್ತು ಕೆನಡಾದಲ್ಲಿ 911, ಬ್ರಿಟನ್ 999, ಆಸ್ಟ್ರೇಲಿಯಾ 000, ಜಪಾನ್ 119, ಸಿಂಗಾಪುರ 995, ಯುಎಇ ಆಂಬುಲೆನ್ಸ್ 998. ಕರೆ ಮಾಡಿದಾಗ 'ಅನಾಫಿಲ್ಯಾಕ್ಸಿಸ್' ಎಂಬ ಪದವನ್ನೇ ಹೇಳಿ. 'ಅಲರ್ಜಿ' ಎಂದರೆ ಸಾಲಿನಲ್ಲಿ ಹಿಂದೆ ಬೀಳಬಹುದು. ಒಂದು ಡೋಸಿಗೆ ಪೂರ್ತಿ ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಏಕೆಂದರೆ ಗಂಟೆಗಳ ನಂತರ ಮತ್ತೆ ಮರುಕಳಿಸುವುದುಂಟು. ಅಂದೇ ಮುಂದಿನ ವಿಮಾನ ಹತ್ತಬೇಡಿ. ಬಳಸಿದ ಪೆನ್ನಿನ ಬದಲಿಗೆ ಹೊಸದು ಕೈಗೆ ಬರುವವರೆಗೂ ಹತ್ತಬೇಡಿ.

ಮಾನ್ಯರೇ, ದೇಶದಲ್ಲಿ ಪೆನ್ ತಯಾರಾಗಿ ಅಂಗಡಿಗೆ ಬರಲು ಕಾಲ ಹಿಡಿಯುತ್ತದೆಂದು ಬಲ್ಲೆವು. ಆದರೆ ಫಾರ್ಮ್ 12ಎ ಅರ್ಜಿಗೆ ಎಷ್ಟು ದಿನದೊಳಗೆ ಉತ್ತರ ಕೊಡುತ್ತೀರಿ ಎಂದು ಪ್ರಕಟಿಸಲು, ಅಡ್ರಿನಲಿನ್ ಪೆನ್ನಿನ ಅರ್ಜಿಗಳನ್ನು ಬೇರೆ ಸಾಲಿನಲ್ಲಿ ತೆಗೆದುಕೊಳ್ಳಲು, ಅರ್ಜಿ ಹಾಕುವ ವಿಧಾನದ ಒಂದು ಪುಟದ ವಿವರಣೆಯನ್ನು ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಹಾಕಲು ಹೊಸ ಕಾನೂನೇನೂ ಬೇಕಿಲ್ಲ. ಬೇಸಿಗೆ ರಜೆಗೆ ಹೊರಡುವವರು ತಿಂಗಳುಗಳ ಮೊದಲೇ ಟಿಕೆಟ್ ತೆಗೆಯುತ್ತಾರೆ. ಅಷ್ಟರೊಳಗೆ ಈ ಮೂರು ಕೆಲಸ ಆಗಲಿ.

ಇಂತಿ,
ತೀವ್ರ ಆಹಾರ ಅಲರ್ಜಿ ಇರುವವರ ಆರೈಕೆಯಲ್ಲಿ ತೊಡಗಿರುವ ವೈದ್ಯರು, ಔಷಧಿ ತಜ್ಞರು ಮತ್ತು ಪೋಷಕರು
ಬೆಂಗಳೂರು